ಕೆರೆಯಂಗಳಕ್ಕೆ ಜಗುಲಿಯಿಲ್ಲ

ನಾನು ಮೊದಲ ಸಲ ಮಕ್ಕಳನ್ನು ಶಾಲೆಯಿಂದ ಆಚೆ ಕರೆದುಕೊಂಡು ಹೋದದ್ದು ಧೈರ್ಯದಿಂದಲ್ಲ, ಒಂದು ನಕ್ಷತ್ರಮೀನಿನ ಮೇಲಿನ ಸಿಟ್ಟಿನಿಂದ.

ಯುದ್ಧ ನಡೆಯುತ್ತಿದ್ದ ವರ್ಷಗಳು. ಸೇಲಂನಲ್ಲಿ ಉಪಾಧ್ಯಾಯಿನಿ ತರಬೇತಿ ಮುಗಿಸಿ, ಸೂಳಗಿರಿಯಿಂದ ನಾಲ್ಕು ಮೈಲಿ ಒಳಗಿದ್ದ ಹಳ್ಳಿಯೊಂದರ ಜಿಲ್ಲಾ ಬೋರ್ಡ್ ಶಾಲೆಗೆ ಬಂದಾಗ ನನಗೆ ಇಪ್ಪತ್ತೊಂದು. ಜೂಜುವಾಡಿ ಕಡೆಯ ರಾಗಿ ಹೊಲದ ಮನೆಯವಳು ನಾನು. ಹೆಣ್ಣುಮಗಳು ಊರೂರು ಅಲೆದು ಪಾಠ ಹೇಳುವುದು ನಮ್ಮ ದೊಡ್ಡಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಅವ್ವ ಮಾತ್ರ, "ಹೋಗವ್ವ. ಆದ್ರೆ ಯಾರೋ ಹೆದರ್ಸುದ್ರು ಅಂತ ತಿರುಗಿ ಬರಬ್ಯಾಡ," ಎಂದು ಬಟ್ಟೆಗಂಟು ಕೈಗಿತ್ತು ಕಳಿಸಿದ್ದಳು.

ಶಾಲೆಯೆಂದರೆ ಹೆಂಚು ಹೊದಿಸಿದ ಒಂದು ಉದ್ದನೆಯ ಕೊಠಡಿ, ಅದರ ಮುಂದೆ ಒಂದು ಜಗುಲಿ. ಊರಿನ ಮಕ್ಕಳು ಕೊಠಡಿಯ ಒಳಗೆ, ಊರಾಚೆಯ ಕೇರಿಯ ಮಕ್ಕಳು ಜಗುಲಿಯ ಮೇಲೆ. ಜಗುಲಿಯಲ್ಲಿ ಕೂತವರಿಗೆ ಕರಿಹಲಗೆಯ ಅರ್ಧ ಮಾತ್ರ ಕಾಣುತ್ತಿತ್ತು. ಹೀಗೆ ಕೂರಿಸಕೂಡದೆಂದು ಸರ್ಕಾರದ ನಿಯಮವಿತ್ತು. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಎಲ್ಲರೂ ಒಳಗೆ ಬರುತ್ತಿದ್ದರು, ಅವರು ಬೆನ್ನು ತಿರುಗಿಸಿದ ಮೇಲೆ ಮತ್ತೆ ಹೊರಗೆ. ನಾನೂ ಮೊದಲ ನಾಲ್ಕು ತಿಂಗಳು ಅದನ್ನು ನೋಡಿಕೊಂಡು ಸುಮ್ಮನಿದ್ದೆ. ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ಅದು ಸುಳ್ಳಾಗುತ್ತದೆ.

ಹೆಡ್‌ಮಾಸ್ತರು ಪಿಂಚಣಿಗೆ ಹತ್ತಿರವಾದವರು, ಸಾಧು ಮನುಷ್ಯ. ಚಿಕ್ಕ ತರಗತಿಗಳನ್ನು ತಾವಿಟ್ಟುಕೊಂಡು ನಾಲ್ಕು ಮತ್ತು ಐದನ್ನು ನನಗೆ ಬಿಟ್ಟುಕೊಟ್ಟಿದ್ದರು. ನಮ್ಮ ಕನ್ನಡ ಪುಸ್ತಕಗಳು ಕರಾವಳಿ ಕಡೆಯಿಂದ ಅಚ್ಚಾಗಿ ಬರುತ್ತಿದ್ದವು. ಪ್ರಕೃತಿ ಪಾಠದಲ್ಲಿ ತುಂಬಾ ಸಮುದ್ರ. ಕಡಲ ತೀರ, ತೆಂಗಿನ ತೋಟ, ಚಿಪ್ಪು, ನಕ್ಷತ್ರಮೀನು. ಹೊಸೂರಿನಾಚೆ ಹೋಗಿರದ ಮಕ್ಕಳು "ನಕ್ಷತ್ರಮೀನಿಗೆ ಐದು ತೋಳುಗಳಿವೆ" ಎಂದು ರಾಗವಾಗಿ ಹೇಳುತ್ತಿದ್ದರು. ಒಂದು ದಿನ ಆ ರಾಗ ಮುಗಿದ ಮೇಲೆ ಜಗುಲಿಯಿಂದ ಒಂದು ದನಿ ಬಂತು.

"ಟೀಚರಮ್ಮ, ಅದು ನಮ್ಮ ಕೆರೇಲಿ ಐತಾ?"

ಕೇಳಿದವಳು ಕೇರಿಯ ಹುಡುಗಿ. ಹನ್ನೊಂದು ವರ್ಷವಿರಬೇಕು. ತಾಯಿ ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದಳು; ಶಾಲೆಯಿಲ್ಲದ ಹೊತ್ತಿನಲ್ಲಿ ಮಗಳೂ ಜೊಂಡಿನಲ್ಲೇ ಇರುತ್ತಿದ್ದಳು. ಕೊಠಡಿಯೊಳಗಿನ ಮಕ್ಕಳು ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಊರಗೌಡರ ಮೊಮ್ಮಗ.

"ಇಲ್ಲಮ್ಮ, ಅದು ಸಮುದ್ರದ್ದು," ಎಂದೆ.

"ಅಂಗಾರೆ ನಮ್ಮ ಕೆರೇಲಿರೋವು ಯಾವ ಪುಸ್ತಕದಾಗವೆ?"

ಆ ಪುಸ್ತಕವನ್ನು ಮಡಚಿಟ್ಟು ಉಳಿದ ಹೊತ್ತು ಬರೀ ಶುದ್ಧಬರಹ ಹಾಕಿಸಿದೆ. ನನಗೇ ತಿಳಿಯದ ಏನೋ ಸಿಟ್ಟು. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ನಾಲ್ಕು ಮತ್ತು ಐದನೇ ತರಗತಿಯ ಮೂವತ್ತೊಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೆರೆಗೆ ಹೊರಟೆ. ಹೆಡ್‌ಮಾಸ್ತರು ಕನ್ನಡಕ ತೆಗೆದು ನೋಡಿದರು.

"ಎಲ್ಲಿಗಮ್ಮಾ ಮೆರವಣಿಗೆ?"

"ಪಾಠಕ್ಕೆ ಸಾರ್."

ಕೆರೆಯ ಏರಿ ಹತ್ತಿ ಅಂಗಳಕ್ಕೆ ಇಳಿದ ಮೇಲೆ ಒಂದು ವಿಚಿತ್ರ ನಡೆಯಿತು. ಮಕ್ಕಳಿಗೆ ಎಲ್ಲಿ ಕೂರಬೇಕೆಂದು ಗೊತ್ತಾಗಲಿಲ್ಲ. ಊರಿನವರು ನನ್ನ ಸುತ್ತ ಗುಂಪಾದರು. ಕೇರಿಯ ಎಂಟು ಮಕ್ಕಳು ಹತ್ತು ಮಾರು ದೂರದಲ್ಲಿ ನಿಂತು, ಅಲ್ಲಿ ಇಲ್ಲದ ಜಗುಲಿಯನ್ನು ಹುಡುಕುವವರಂತೆ ಅತ್ತಿತ್ತ ನೋಡಿದರು. ಆ ನೋಟ ಕಂಡಾಗ ನಾಲ್ಕು ತಿಂಗಳು ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಅರ್ಥವಾಯಿತು.

ನೀರು ಸೇದುವ ಹಗ್ಗಗಳನ್ನು ತಂದಿದ್ದೆ. ನೀರಿನ ಅಂಚಿನಲ್ಲಿ, ಜೊಂಡಿನ ಪಕ್ಕದಲ್ಲಿ, ಒಣಗಿದ ಅಂಗಳದಲ್ಲಿ, ಏರಿಯ ಬುಡದಲ್ಲಿ ಒಂದೊಂದು ಹಗ್ಗವನ್ನು ದುಂಡಗೆ ಹಾಸಿದೆ. "ಎತ್ತರದ ಪ್ರಕಾರ ನಿಲ್ಲಿ," ಎಂದೆ. ಎತ್ತರಕ್ಕೆ ಊರು ಕೇರಿ ಎಂಬುದು ಗೊತ್ತಿರುವುದಿಲ್ಲವಲ್ಲ. ಎಲ್ಲರೂ ಕಲಸಿಹೋದರು. ಒಂದೊಂದು ಹಗ್ಗಕ್ಕೆ ಏಳೆಂಟು ಜನರನ್ನು ಕೂರಿಸಿ, "ಮಾತಾಡಬೇಡಿ. ಈ ಹಗ್ಗದೊಳಗೆ ಯಾರ್ಯಾರು ಬದುಕುತ್ತಾರೆ, ಏನು ತಿನ್ನುತ್ತಾರೆ, ಎಲ್ಲಿ ಅಡಗುತ್ತಾರೆ, ನೋಡಿ ಹೇಳಿ," ಎಂದೆ. ಗೌಡರ ಮೊಮ್ಮಗ ಕೇರಿಯ ಹುಡುಗಿಯ ಹಗ್ಗಕ್ಕೆ ಬಿದ್ದಿದ್ದ. ಮುಖ ಗಂಟಿಕ್ಕಿಕೊಂಡು ಸ್ವಲ್ಪ ದೂರ ಸರಿದು ಕೂತ. ಅರ್ಧ ಗಂಟೆಯಲ್ಲಿ ಅವನ ತಲೆಯೂ ಅವಳ ತಲೆಯೂ ಒಂದೇ ಗೊದಮೊಟ್ಟೆಯ ಮೇಲೆ ಬಗ್ಗಿದ್ದವು.

ಅದಾದ ಮೇಲೆ ವಾರಕ್ಕೆ ಮೂರು ಮಧ್ಯಾಹ್ನ ಹೊರಗೇ. ಯುದ್ಧದ ಕಾಲವಾದ್ದರಿಂದ ಕಾಗದ ಸಿಗುತ್ತಿರಲಿಲ್ಲ. ಕೆರೆಯ ಮೇಲುಗಡೆಯ ಬಂಡೆಯೇ ನಮ್ಮ ಬರೆಯುವ ಪುಸ್ತಕವಾಯಿತು. ಕಂಡದ್ದನ್ನು ಇದ್ದಿಲಿನಿಂದ ಬಂಡೆಯ ಮೇಲೆ ಬರೆಯುತ್ತಿದ್ದರು, ಮಳೆ ಬಂದರೆ ಅಳಿಸಿಹೋಗುತ್ತಿತ್ತು, ಮತ್ತೆ ನೋಡಿ ಮತ್ತೆ ಬರೆಯುತ್ತಿದ್ದರು. ಹೆಸರು ಬರೆಯುವಾಗ ಜಗಳ. ಒಬ್ಬನ ಮನೆಯಲ್ಲಿ ಏಡಿ, ತಮಿಳಾಡುವ ಇನ್ನೊಬ್ಬನ ಮನೆಯಲ್ಲಿ ನಂಡು, ತೆಲುಗಾಡುವ ಮತ್ತೊಬ್ಬಳ ಮನೆಯಲ್ಲಿ ಎಂಡ್ರಕಾಯ. ಮೂರನ್ನೂ ಬರೆಯಿರಿ ಎಂದೆ. ಟಿಟ್ಟಿಭ ಹಕ್ಕಿ ಬರೀ ಕಲ್ಲುಹರಳಿನ ನೆಲದ ಮೇಲೆ ಮೊಟ್ಟೆಯಿಡುವುದನ್ನು ನೋಡಿದೆವು. ಮೊಟ್ಟೆಯೂ ಹರಳಿನ ಬಣ್ಣವೇ. ತುಳಿಯುವಷ್ಟು ಹತ್ತಿರ ಬಂದರೂ ಕಾಣದು. ಗುಳುಮುಳುಕ ಹಕ್ಕಿ ನೀರಿನಲ್ಲಿ ಮುಳುಗಿ ಎಲ್ಲಿ ಏಳುತ್ತದೆಂದು ಬೆಟ್ಟು ತೋರಿಸಿ ಕಾಯುತ್ತಿದ್ದೆವು. ಮಳೆಗಾಲದಲ್ಲಿ ಬಂಡೆಯ ಗುಂಡಿಗಳಲ್ಲಿ ಹದಿನೈದು ದಿನ ಮಾತ್ರ ನಿಲ್ಲುವ ನೀರಿನಲ್ಲೂ ಹುಟ್ಟಿ ಬೆಳೆದು ಹಾರಿಹೋಗುವ ಹುಳುಗಳಿವೆ ಎಂಬುದನ್ನು ನಾನೇ ಆ ಮಕ್ಕಳೊಡನೆ ಕಲಿತೆ.

ಸತ್ಯ ಹೇಳಬೇಕೆಂದರೆ ಬಹಳಷ್ಟನ್ನು ಹೇಳಿಕೊಟ್ಟವಳು ಆ ಹುಡುಗಿ. ನೀರುಹಾವು ಯಾವುದು, ವಿಷದ್ದು ಯಾವುದು, ಉಡ ಯಾವ ಪೊಟರೆಯಲ್ಲಿದೆ, ಜೊಂಡಿನ ಯಾವ ದಂಟು ಮುರಿದಿದ್ದರೆ ಒಳಗೆ ಗೂಡಿರುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಶಾಲೆಯ ಪಾಠದಲ್ಲಿ ಅಪರೂಪಕ್ಕೆ ಬಾಯಿಬಿಡುತ್ತಿದ್ದವಳು ಕೆರೆಯಲ್ಲಿ ಎಲ್ಲರಿಗೂ ಮುಂದೆ ನಡೆಯುತ್ತಿದ್ದಳು. ಊರಿನ ಮಕ್ಕಳು ಅವಳ ಹಿಂದೆ ನಡೆಯುತ್ತಿದ್ದರು. ಇದು ಊರಿನ ಕಣ್ಣಿಗೆ ಬೀಳದೆ ಇರಲು ಸಾಧ್ಯವೇ?

ಮೊದಲು ಹೆಡ್‌ಮಾಸ್ತರ ಕಿವಿಗೆ ಬಿತ್ತು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ನನಗಿನ್ನು ಎರಡೇ ವರ್ಷ. ಸದ್ದಿಲ್ಲದೆ ಕಳೆದುಬಿಡೋಣ. ಕೆರೆ ನೋಡಬೇಕಾದರೆ ಕಿಟಕಿಯಿಂದ ತೋರಿಸಿ," ಎಂದರು.

"ಕಿಟಕಿಯಿಂದ ಎಂಟು ಮಕ್ಕಳಿಗೆ ಕಾಣಲ್ಲ ಸಾರ್. ಜಗುಲಿಗೆ ಕಿಟಕಿ ಎಲ್ಲಿದೆ?" ಎಂದೆ. ಅವರು ನಶ್ಯ ಏರಿಸಿಕೊಂಡು ಒಳಗೆ ಹೋದರು.

ಆಮೇಲೆ ಆ ಬಿಲದ ಸಂಗತಿ ನಡೆಯಿತು.

ಮಾಗಿಯ ಚಳಿ ಮುಗಿಯುತ್ತಿದ್ದ ಕಾಲ. ಏರಿಯ ಬುಡದಲ್ಲಿ ಏಡಿಗಳ ಬಿಲಗಳನ್ನು ನೋಡುತ್ತಿದ್ದೆವು. ಏಡಿ ಇರುವ ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆಗಳು ಬಿದ್ದಿರುತ್ತವೆ. ಅಂಥ ಐದಾರು ಬಿಲಗಳನ್ನು ಗುರುತು ಹಾಕಿಸಿ, ಕೈ ಹಾಕಬಾರದೆಂದು ಹೇಳಿ, ನಾನು ಪಕ್ಕದ ಗುಂಪಿನ ಕಡೆ ತಿರುಗಿದ್ದೆ. ಗೌಡರ ಮೊಮ್ಮಗನಿಗೆ ಅವತ್ತು ತಾನೂ ಧೀರನೆಂದು ತೋರಿಸಬೇಕಿತ್ತು. "ಏಡಿ ಹಿಡಿತೀನಿ ನೋಡ್ರಲಾ," ಎಂದು ತೋಳು ಮಡಚಿ ಒಂದು ಬಿಲದೊಳಗೆ ಕೈ ತೂರಿಸಿದ್ದಾನೆ. ಹುಡುಗಿಯ ಕೂಗು ಕೇಳಿ ನಾನು ಹೊರಳಿದೆ.

"ತೆಗೀಲಾ ಕೈಯ! ಮಣ್ಣುಂಡೆ ಎಲ್ಲೈತೆ ಅಲ್ಲಿ? ತೆಗೀಲಾ!"

ಅವನು ತೆಗೆಯಲಿಲ್ಲ. ಅವಳು ಎರಡೂ ಕೈಯಲ್ಲಿ ಅವನ ತೋಳು ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಮಗುಚಿದರು. ನಾನು ಓಡಿಬಂದು ಎಲ್ಲರನ್ನೂ ದೂರ ನಿಲ್ಲಿಸಿದೆ. ಯಾರಿಗೂ ಏನೂ ಕಾಣಲಿಲ್ಲ. ಹುಡುಗ ಅಳುತ್ತಾ, "ಸುಮ್ನೆ ಎಳುದ್ಬುಟ್ಲು," ಎಂದ. ಹುಡುಗಿ, "ತಡೀರಿ," ಎಂದಳು. ನಾವು ಕಾದೆವು. ಬಹಳ ಹೊತ್ತಿನ ಮೇಲೆ ಆ ಬಿಲದಿಂದ ಒಂದು ನಾಗರಹಾವಿನ ತಲೆ ಹೊರಬಂತು. ಅತ್ತಿತ್ತ ನೋಡಿ, ಆತುರವಿಲ್ಲದೆ ಮೈಯೆಳೆದುಕೊಂಡು ಜೊಂಡಿನೊಳಗೆ ಹೋಯಿತು. ಹುಡುಗನ ಕೈ ಹತ್ತು ಸಲ ತಿರುಗಿಸಿ ನೋಡಿದೆ. ಗೀರು ಕೂಡ ಇರಲಿಲ್ಲ.

ತಪ್ಪು ನನ್ನದೇ. ನಾನು ಬೆನ್ನು ತಿರುಗಿಸಬಾರದಿತ್ತು. ಗೌಡರು ಬಂದು ಅದನ್ನೇ ಕೇಳಿದ್ದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅವರು ಕೇಳಿದ್ದು ಅದನ್ನಲ್ಲ.

ಮರುದಿನ ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಅವರು ಬಂದರು. ಹಿಂದೆ ಊರಿನ ನಾಲ್ಕೈದು ಮಂದಿ. ಹುಡುಗನಿಗೆ ಹಿಂದಿನ ಸಂಜೆ ಮನೆಯಂಗಳದಲ್ಲೇ ತಲೆಯ ಮೇಲೆ ನೀರು ಸುರಿದು, ಹಾಕಿದ್ದ ಅಂಗಿಯನ್ನು ಎಸೆದಿದ್ದರೆಂದು ಆಗಲೇ ನನ್ನ ಕಿವಿಗೆ ಬಿದ್ದಿತ್ತು.

"ಏನವ್ವ, ನೀನು ಪಾಠ ಹೇಳಾಕ್ ಬಂದಿದ್ಯೋ, ಊರು ಕೆಡ್ಸಾಕ್ ಬಂದಿದ್ಯೋ?"

"ಏನಾಯ್ತು ಗೌಡ್ರೇ?"

"ಏನಾಯ್ತಾ? ಆ ಹುಡುಗಿ ನಮ್ಮ ಹುಡುಗನ್ನ ಹಿಡ್ಕಂಡು ನೆಲದ್ ಮ್ಯಾಲೆ ಉಳ್ಳಾಡವ್ಳೆ. ಊರೆಲ್ಲಾ ಮಾತಾಡ್ತಾ ಐತೆ."

"ಹಾವಿನ ವಿಷಯ ಯಾರೂ ಮಾತಾಡ್ತಿಲ್ವಾ?"

"ಹಾವು ಹಾವಿನ ಪಾಡಿಗಿರ್ತದೆ. ನಾನ್ ಹೇಳ್ತಿರೋದು ಬ್ಯಾರೆ."

"ನಿಮ್ಮ ಮೊಮ್ಮಗ ನಿನ್ನೆ ರಾತ್ರಿ ಉಂಡು ಮಲಗಿದಾನೆ ಅಂದ್ರೆ ಆ ಹುಡುಗಿಯಿಂದ ಗೌಡ್ರೇ. ನಾನು ನೋಡಬೇಕಿತ್ತು, ನೋಡಲಿಲ್ಲ. ಅದಕ್ಕೆ ನನ್ನ ಬಯ್ಯಿರಿ. ಅವಳನ್ನ ಅಂದ್ರೆ ನಾನು ಕೇಳಲ್ಲ."

ಅಷ್ಟು ಜನರ ಮುಂದೆ ಅವರಿಗೆ ಹಾಗೆ ಯಾರೂ ಹೇಳಿದ್ದಿಲ್ಲ ಎಂದು ಕಾಣುತ್ತದೆ. ಅವರು ದನಿ ತಗ್ಗಿಸಿ, "ಮಕ್ಳು ಇವತ್ತಿಂದ ಒಳಗೇ ಇರ್ಬೇಕು. ಆ ಮಕ್ಳು ಜಗುಲೀಲೇ ಇರ್ಬೇಕು. ಇಲ್ಲಾಂದ್ರೆ ನಮ್ ಮಕ್ಳು ಬರಾಕಿಲ್ಲ. ಶಾಲೆ ಹೆಂಗ್ ನಡೀತದೋ ನೋಡಾನ," ಎಂದರು.

"ಬರಲಿಲ್ಲಾಂದ್ರೆ ಬರುವವರಿಗೆ ಹೇಳ್ತೀನಿ," ಎಂದೆ.

ಅಂದು ಊರಿನ ಮಕ್ಕಳಲ್ಲಿ ಒಬ್ಬರೂ ಮಧ್ಯಾಹ್ನದ ಪಾಠಕ್ಕೆ ಬರಲಿಲ್ಲ. ನನ್ನ ಎರಡು ತರಗತಿಯಲ್ಲಿ ಉಳಿದದ್ದು ಕೇರಿಯ ಎಂಟು ಮಕ್ಕಳು. ಖಾಲಿ ಕೊಠಡಿಯೊಳಗೆ ಬಂದು ಕೂರಿ ಎಂದರೆ ಅವರು ಬರಲಿಲ್ಲ. ಹೆದರಿದ್ದರು. "ಬನ್ನಿ, ಕೆರೆಗೆ ಹೋಗೋಣ," ಎಂದೆ. ಕಳ್ಳಿಬೇಲಿಯ ಹಿಂದಿನ ಅಡ್ಡದಾರಿ ಬಿಟ್ಟು, ಊರಿನ ನಡುಬೀದಿಯಲ್ಲೇ ಅವರನ್ನು ಕರೆದುಕೊಂಡು ಹೋದೆ. ಬೀದಿಯ ಎರಡು ಕಡೆಯ ಬಾಗಿಲುಗಳಲ್ಲೂ ಹೆಂಗಸರು ಬಂದು ನಿಂತರು. ಯಾರೂ ಕಲ್ಲು ಹೊಡೆಯಲಿಲ್ಲ. ಬೈಯಲೂ ಇಲ್ಲ. ಆ ಮೌನದಲ್ಲಿ ನಡೆದ ಇನ್ನೂರು ಹೆಜ್ಜೆ ನನ್ನ ಆಯಸ್ಸಿನಲ್ಲೇ ಉದ್ದನೆಯ ದಾರಿ.

ಸಂಜೆ ಹೊತ್ತಿಗೆ ನಾನಿದ್ದ ಕೋಣೆ ಬಿಡಬೇಕೆಂದು ಮನೆಯವರು ಹೇಳಿಕಳಿಸಿದರು. ಗೌಡರ ದಾಯಾದಿಗಳ ಮನೆ ಅದು. ಟ್ರಂಕು ಹೊತ್ತು ಶಾಲೆಯ ಹಿಂದಿದ್ದ ಸೌದೆ ಕೋಣೆಗೆ ಬಂದೆ. ಹೆಡ್‌ಮಾಸ್ತರು ಬೀಗ ತೆಗೆದುಕೊಟ್ಟರು. ತಾವೇ ಪೊರಕೆ ಹಿಡಿದು ಒಂದು ಮೂಲೆ ಗುಡಿಸಿದರು. ಮರುದಿನ ಬೆಳಗ್ಗೆ ಊರ ಬಾವಿಗೆ ಹೋದರೆ ಅಲ್ಲಿದ್ದ ಹೆಂಗಸರು ಕೊಡ ಅಡ್ಡವಿಟ್ಟು ನಿಂತರು. ಒಬ್ಬಾಕೆ, "ನಮ್ಮನ್ನ ಬೈಕಬ್ಯಾಡ್ರವ್ವ, ನಮ್ ಮನೇಲಿ ಹೇಳವ್ರೆ," ಎಂದಳು.

ಬರಿಗೊಡದೊಡನೆ ತಿರುಗಿದೆ. ಕೇರಿಯ ಬಾವಿ ಶಾಲೆಗೆ ಇನ್ನೂ ಹತ್ತಿರವಿತ್ತು. ಇಲ್ಲೂ ಸುಳ್ಳು ಹೇಳಬಾರದು: ಆ ಬಾವಿಯ ಕಟ್ಟೆಯ ಹತ್ತಿರ ನನ್ನ ಕಾಲು ನಿಂತಿತು. ಮಕ್ಕಳನ್ನು ಒಟ್ಟಿಗೆ ಕೂರಿಸಿದವಳು ನಾನೇ, ಊರಗೌಡರ ಮುಂದೆ ಮಾತಾಡಿದವಳೂ ನಾನೇ. ಆದರೂ ಚಿಕ್ಕಂದಿನಿಂದ ಮೈಗೆ ಹತ್ತಿದ್ದು ಕಾಲನ್ನು ಹಿಡಿಯಿತು. ಹುಡುಗಿಯ ತಾಯಿ ನೀರು ಸೇದುತ್ತಿದ್ದವಳು ನನ್ನ ಕೊಡ ನೋಡಿದಳು, ನನ್ನ ಮುಖವನ್ನೂ ನೋಡಿದಳು.

"ಬ್ಯಾಡ ಬಿಡ್ರವ್ವ. ನಿಮಗ್ಯಾಕ್ ತೊಂದ್ರೆ? ನಾಳೆ ನೀವು ಹೊಂಟೋಯ್ತೀರ. ನಾವ್ ಇಲ್ಲೇ ಇರ್ಬೇಕು."

ಆ ಮಾತು ಗೌಡರ ಮಾತಿಗಿಂತ ಜೋರಾಗಿ ತಾಕಿತು. ಅದು ನಿಜವಾಗಿತ್ತು.

"ಹೋಗೋ ಹೊತ್ತಿಗೆ ಹೋಗ್ತೀನಿ. ಇವತ್ತು ನೀರು ಕೊಡಿ," ಎಂದೆ.

ಅವಳು ಕೊಡ ತುಂಬಿಸಿದಳು. ಅಲ್ಲೇ ಬೊಗಸೆಯೊಡ್ಡಿ ಕುಡಿದೆ. ಅವತ್ತಿನಿಂದ ಆ ಊರು ಬಿಡುವವರೆಗೂ ಅದೇ ಬಾವಿಯ ನೀರು.

ಮೂರು ವಾರ ಎಂಟು ಮಕ್ಕಳೊಡನೆ ಕೆರೆಯಲ್ಲಿ ಪಾಠ ನಡೆಯಿತು. ಓದು, ಲೆಕ್ಕ, ಎಲ್ಲವೂ ಅಲ್ಲೇ. ಬೆಳ್ಳಕ್ಕಿಗಳನ್ನು ಎಣಿಸಿ ಕೂಡುವುದು ಕಳೆಯುವುದು ಮಾಡಿದೆವು. ಕೆರೆಯ ನೀರು ದಿನಕ್ಕೆಷ್ಟು ಹಿಂದೆ ಸರಿಯುತ್ತದೆಂದು ಕಡ್ಡಿ ನೆಟ್ಟು ಅಳೆದೆವು. ನಾಲ್ಕನೇ ದಿನವೋ ಐದನೇ ದಿನವೋ ಊರಿನ ಇಬ್ಬರು ಹುಡುಗರು ಎಮ್ಮೆ ಹೊಡೆದುಕೊಂಡು ಏರಿಯ ಮೇಲೆ ಬಂದರು. ಮಾರನೆಯ ದಿನ ನಾಲ್ವರು. ಅಷ್ಟೊಂದು ಎಮ್ಮೆಗಳಿಗೆ ಒಮ್ಮೆಗೇ ಕೆರೆಯ ಮೇಲೆ ಪ್ರೀತಿ ಬಂದದ್ದು ಹೇಗೋ! ಏರಿಯ ಮೇಲೇ ನಿಂತು ಪಾಠ ಕೇಳುತ್ತಿದ್ದರು. ನಾನು ದನಿಯನ್ನು ಸ್ವಲ್ಪ ಎತ್ತರಿಸಿದೆ, ಅಷ್ಟೆ.

ಒಂದು ಮಧ್ಯಾಹ್ನ ಗೌಡರ ಸೊಸೆ ಬಂದಳು. ಮಗನ ರಟ್ಟೆ ಹಿಡಿದುಕೊಂಡು, ಕೊಟ್ಟಿಗೆಯ ಕೆಲಸಕ್ಕೆಂದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನಲ್ಲೇ ಏರಿ ಇಳಿದು ನೆಟ್ಟಗೆ ನಮ್ಮ ಹತ್ತಿರಕ್ಕೆ. ಜಗಳಕ್ಕೆಂದೇ ತಿಳಿದು ನಾನು ಎದ್ದು ನಿಂತೆ.

"ಯಾರವ್ವ ಇವನ್ನ ಎಳುದೋಳು?" ಎಂದಳು.

ಹುಡುಗಿ ನನ್ನ ಹಿಂದೆ ಸರಿದಳು. ಆಕೆ ಅವಳನ್ನು ನೋಡಿಬಿಟ್ಟಳು.

"ನೀನೇನಾ? ಬಾ ಇಲ್ಲಿ. ಹಾವಿರೋ ಬಿಲ ಯಾವುದು, ಏಡಿ ಬಿಲ ಯಾವುದು, ಇವನಿಗೆ ಸರಿಯಾಗಿ ಹೇಳ್ಕೊಡು. ನಾಳೆ ಗದ್ದೆ ಕೆಲ್ಸಕ್ಕೆ ಹೋಗೋನು ಇವ್ನು. ಆವಾಗ ನೀನಿರ್ತೀಯಾ ಎಳೆಯಾಕೆ?"

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಮುಂದೆ, ಹುಡುಗ ಅವಳ ಹಿಂದೆ ಬಿಲಗಳ ಕಡೆ ನಡೆದರು. ಗೌಡರ ಸೊಸೆ ನನ್ನ ಹತ್ತಿರ ನೆಲದ ಮೇಲೇ ಕೂತಳು.

"ನಿಮ್ಮ ಮಾವನೋರು ಒಪ್ಪುದ್ರಾ?" ಎಂದು ಕೇಳಿದೆ.

"ಅವ್ರನ್ ಯಾರ್ ಕೇಳುದ್ರು? ಅವ್ರು ಹೊಸೂರ್ ಕೋರ್ಟಿಗೆ ಹೋಗವ್ರೆ. ಬತ್ತಾರೆ, ಕೂಗಾಡ್ತಾರೆ. ಕೂಗಾಡ್ಲಿ. ನನಗಿರೋದು ಒಂದೇ ಮಗ ಕಣವ್ವ." ಮಗ ಹೋದ ಕಡೆ ನೋಡುತ್ತಾ, "ಅವನ್ ಅಂಗಿ ನಾನ್ ಎಸೀಲಿಲ್ಲ. ಒಗುದ್ ಮಡಿಕ್ಕಂಡಿದೀನಿ," ಎಂದಳು.

ಮರುದಿನದಿಂದ ಹುಡುಗ ಬಂದ. ಅವನ ಹಿಂದೆ ಎಮ್ಮೆಗಳನ್ನು ಮನೆಯಲ್ಲೇ ಬಿಟ್ಟು ಉಳಿದವರಲ್ಲೂ ಒಬ್ಬೊಬ್ಬರೇ ಬಂದರು. ಎಲ್ಲರೂ ಅಲ್ಲ. ಐದು ಮನೆಯವರು ಕಡೆಯವರೆಗೂ ಕಳಿಸಲಿಲ್ಲ.

ಗೌಡರು ಅಷ್ಟಕ್ಕೇ ಬಿಡುವವರಲ್ಲ. ನನ್ನ ಮೇಲೆ ಮೇಲಧಿಕಾರಿಗಳಿಗೆ ದೂರಿನ ಅರ್ಜಿ ಹೋಗಿತ್ತು. ಬೇಸಿಗೆ ಏರುತ್ತಿದ್ದ ಒಂದು ದಿನ, ಮುನ್ಸೂಚನೆಯಿಲ್ಲದೆ ಇನ್‌ಸ್ಪೆಕ್ಟರು ಬಂದರು. ಸೂಳಗಿರಿಯವರೆಗೆ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡುವ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ಶಾಲೆಯಲ್ಲಿ ಚಿಕ್ಕ ಮಕ್ಕಳ ಮಗ್ಗಿ ಬಿಟ್ಟರೆ ಏನೂ ಇಲ್ಲ. ಹೆಡ್‌ಮಾಸ್ತರು ದಾರಿ ತೋರಿಸಿದರು. ಬೂಟು ಹಾಕಿದ ಆ ದಪ್ಪ ಮನುಷ್ಯ ಕೆರೆಯ ಮಣ್ಣಿನಲ್ಲಿ ಕಾಲು ಕಿತ್ತಿಡುತ್ತಾ ಬರುವುದನ್ನು ನಾವು ದೂರದಿಂದಲೇ ಕಂಡೆವು. ಗೌಡರೂ ಜೊತೆಗಿದ್ದರು.

"ಎನ್ನಮ್ಮಾ ಇದು?" ಎಂದು ತಮಿಳಿನಲ್ಲಿ ಶುರುಮಾಡಿ, ಆಮೇಲೆ ತಮ್ಮ ಬಿಗಿಯಾದ ಕನ್ನಡಕ್ಕೆ ಬಂದರು. "ಶಾಲೆಗೆ ಕಟ್ಟಡ ಕೊಟ್ಟಿರುವುದು ಯಾತಕ್ಕೆ?"

"ಮಳೆಗೆ ಸಾರ್," ಎಂದೆ. ತಮಾಷೆಗೆ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಅವರಿಗೆ ಕೋಪ ಬಂತು. ಮಕ್ಕಳನ್ನು ಪರೀಕ್ಷಿಸುವೆನೆಂದು ಅಲ್ಲೇ ಹೊಂಗೆಯ ನೆರಳಿನಲ್ಲಿ ನಿಂತರು. ಓದಿಸಿದರು. ಬಾಯಿಲೆಕ್ಕ ಕೇಳಿದರು. ಅಲ್ಲೊಬ್ಬ ಇಲ್ಲೊಬ್ಬ ತಪ್ಪಿದ, ಉಳಿದವರು ಹೇಳಿದರು. ಕೊನೆಗೆ ಕೇರಿಯ ಹುಡುಗಿಯ ಕಡೆ ಬೆರಳು ತೋರಿಸಿ, "ನೀನು ಇಲ್ಲಿ ಏನು ಕಲಿತೆ?" ಎಂದರು.

ಅವಳು ಕೈಕಟ್ಟಿ ನಿಂತು ಹೇಳಿದಳು: "ಕೆರೆ ಒಂದೇ ಅಲ್ಲ ಸಾರ್, ನಾಕ್ ಜಾಗ ಐತೆ. ನೀರಾಗಿರೋವು ಅಂಗಳದಾಗಿರಲ್ಲ. ಅಂಗಳದಾಗಿರೋವು ಜೊಂಡಿನಾಗಿರಲ್ಲ. ಕಪ್ಪೆ ಮಾತ್ರ ಎಲ್ಲಾ ಕಡೆ ಬತ್ತದೆ. ಜೊಂಡು ಪೂರಾ ಕೊಯ್ಯಬಾರ್ದು. ಕೊಯ್ದ್ರೆ ಗೂಡೋಯ್ತವೆ. ಅದುಕ್ಕೇ ನಮ್ಮವ್ವ ಈ ವರ್ಷ ಒಂದ್ ಮಗ್ಗಲು ಬಿಟ್ಟವ್ಳೆ."

ಅವಳ ತಾಯಿ ಒಂದು ಮಗ್ಗಲು ಬಿಟ್ಟಿದ್ದಾಳೆಂಬುದು ನನಗೂ ಗೊತ್ತಿರಲಿಲ್ಲ. ಗೌಡರೂ ಜೊಂಡಿನ ಕಡೆ ಒಮ್ಮೆ ತಿರುಗಿ ನೋಡಿದರು.

ಇನ್‌ಸ್ಪೆಕ್ಟರು ಮಕ್ಕಳನ್ನು ದೂರ ಕಳಿಸಿ ನನ್ನನ್ನು ಕರೆದರು. ಚೀಲದಿಂದ ಕಾಗದ ತೆಗೆದರು, ಪೆನ್ನಿನ ಮುಚ್ಚಳ ಬಿಚ್ಚಿದರು.

"ನಾಳೆಯಿಂದ ಪಾಠ ಕಟ್ಟಡದೊಳಗೆ. ಹಿಂದೆ ಹೇಗೆ ಕೂರುತ್ತಿದ್ದರೋ ಹಾಗೆ. ಇದು ನನ್ನ ಆಜ್ಞೆ. ಬರೆದು ಕೊಡುತ್ತೇನೆ."

"ಕೊಡಿ ಸಾರ್. ಕಾರಣವನ್ನೂ ಬರೆಯಿರಿ."

"ಯಾವ ಕಾರಣ?"

"ಹಿಂದೆ ಕೂರುತ್ತಿದ್ದ ಹಾಗೆ ಅಂದರೆ ಹೇಗೆ ಅಂತ. ಯಾರು ಒಳಗೆ, ಯಾರು ಜಗುಲಿಯಲ್ಲಿ, ಯಾಕೆ ಅಂತ. ಅದನ್ನೂ ಬರೆದು ಕೆಳಗೆ ನಿಮ್ಮ ರುಜು ಹಾಕಿಕೊಡಿ. ನಾನು ನಾಳೆಯೇ ಗೋಡೆಗೆ ಅಂಟಿಸ್ತೀನಿ."

ಅವರು ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ಸರ್ಕಾರದ ನಿಯಮ ಏನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬಾಯಲ್ಲಿ ಹೇಳಬಹುದಾದ, ಆದರೆ ಬರೆಯಲಾಗದ ಆಜ್ಞೆ ಅದು.

"ನಿಮಗೆ ಕೆಲಸ ಬೇಡವೇ ಅಮ್ಮಾ?" ಎಂದರು, ಈ ಸಲ ಮೆಲ್ಲಗೆ.

"ಬೇಕು ಸಾರ್. ಅದಕ್ಕೇ ಮಾಡ್ತಿದೀನಿ."

ಪೆನ್ನಿಗೆ ಮುಚ್ಚಳ ಹಾಕಿದರು. ಗೌಡರು, "ಏನಾಯ್ತು ಸಾಮಿ? ಬರ್ಕೊಡ್ರಿ," ಎಂದರು. ಇನ್‌ಸ್ಪೆಕ್ಟರು ಗಾಡಿಯ ಕಡೆ ನಡೆದರು. ಅವರು ಒಳ್ಳೆಯವರೋ ಕೆಟ್ಟವರೋ ನನಗೆ ಇವತ್ತಿಗೂ ತಿಳಿಯದು. ಅಂದು ಅವರಿಗೆ ಬರೆಯಲು ಕೈ ಬರಲಿಲ್ಲ, ಅಷ್ಟು ಗೊತ್ತು.

ಪಾಠ ಮುಂದುವರಿಯಿತು. ಹೆಡ್‌ಮಾಸ್ತರ ವಿಷಯ ಒಂದು ಹೇಳಲೇಬೇಕು. ಪರೀಕ್ಷೆಗೆ ಮುಂಚೆ ಒಂದು ಮಧ್ಯಾಹ್ನ ಗುಡುಗು ಸಮೇತ ಮಳೆ ಹಿಡಿದು ನಾವು ಕೆರೆಯಿಂದ ಓಡಿಬಂದೆವು. ಎಲ್ಲರೂ ನೆನೆದಿದ್ದರು, ಎಲ್ಲರೂ ಒಟ್ಟಿಗೆ ಕೊಠಡಿಯೊಳಗೆ ನುಗ್ಗಿದರು, ಸಿಕ್ಕಿದಲ್ಲಿ ಕೂತರು. ಕೇರಿಯ ಮಕ್ಕಳು ತಾವೆಲ್ಲಿದ್ದೇವೆಂದು ಆಮೇಲೆ ನೋಡಿಕೊಂಡು ಏಳಲು ಹೋದರು. ಹೆಡ್‌ಮಾಸ್ತರು ಎದ್ದು, ತಮ್ಮ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಜಗುಲಿಯಲ್ಲಿ ಹಾಕಿಕೊಂಡು ಕೂತರು. "ಜಾಗ ಸಾಲದು, ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು. ಎರಚಲಿಗೆ ಅವರ ಪಂಚೆ ತೊಯ್ಯುತ್ತಿತ್ತು. ಆ ದಿನದ ನಂತರ ಆ ಕೊಠಡಿಯಲ್ಲಿ ಯಾರನ್ನೂ ಯಾರೂ ಹೊರಗೆ ಕಳಿಸಲಿಲ್ಲ.

ಹುಡುಗಿ ಐದನೇ ತರಗತಿ ಪಾಸಾದಳು. ಕೇರಿಯಿಂದ ಆ ಶಾಲೆಯಲ್ಲಿ ಐದು ಮುಗಿಸಿದವಳು ಅವಳೇ ಮೊದಲು. ಆರಕ್ಕೆ ಸೂಳಗಿರಿಗೆ ನಾಲ್ಕು ಮೈಲಿ ನಡೆಯಬೇಕಿತ್ತು. ಎರಡು ವರ್ಷ ನಡೆದಳೆಂದು ಕೇಳಿದೆ. ಆಮೇಲೆ ಮದುವೆ ಮಾಡಿದರು. ನಾನು ಆಗ ದೂರದಲ್ಲಿದ್ದೆ; ಹತ್ತಿರವಿದ್ದಿದ್ದರೆ ತಡೆಯುತ್ತಿದ್ದೆನೋ ಇಲ್ಲವೋ. ಅವಳ ತಾಯಿ ಬಾವಿಕಟ್ಟೆಯಲ್ಲಿ ಹೇಳಿದ್ದೇ ಆಗಿತ್ತು: ನಾನು ಹೊರಟುಹೋಗಿದ್ದೆ. ಅದನ್ನು ನೆನೆದಾಗ ಈಗಲೂ ಮನಸ್ಸು ಕಹಿಯಾಗುತ್ತದೆ.

ಹೊರಟುಹೋದದ್ದು ನನ್ನ ಇಚ್ಛೆಯಿಂದಲ್ಲ. ಬೇಸಿಗೆ ರಜೆಯಲ್ಲಿ ವರ್ಗದ ಆದೇಶ ಬಂತು. ಅದರಲ್ಲಿ ಕಾರಣ ಬರೆಯುವ ಅಗತ್ಯವಿರಲಿಲ್ಲ. ಕೃಷ್ಣಗಿರಿಯ ಪಕ್ಕದ ಒಂದು ಊರು. ದೊಡ್ಡಪ್ಪ ಬಂದು, "ಸಾಕು ಬಿಡವ್ವ, ಮನೆಗೆ ನಡಿ," ಎಂದರು. ಟ್ರಂಕನ್ನು ಗಾಡಿಗೆ ಹಾಕಿಸಿಕೊಂಡು ನಾನು ಕೃಷ್ಣಗಿರಿಯ ಬಸ್ಸು ಹತ್ತಿದೆ.

ಹೊಸ ಶಾಲೆಯ ಹೆಡ್‌ಮಾಸ್ತರು ನನ್ನ ಬಗ್ಗೆ ಮೊದಲೇ ಕೇಳಿದ್ದರು. ಮೊದಲ ದಿನವೇ ತಮಿಳಿನಲ್ಲಿ ಬರೆದ ಒಂದು ಸೂಚನೆಗಳ ಪಟ್ಟಿಯನ್ನು ಮುಂದಿಟ್ಟು ರುಜು ಹಾಕಲು ಹೇಳಿದರು. ಮೊದಲನೆಯ ಸೂಚನೆ, ಪಾಠದ ವೇಳೆಯಲ್ಲಿ ಮಕ್ಕಳನ್ನು ಶಾಲೆಯ ಆವರಣದಿಂದ ಹೊರಗೆ ಕರೆದೊಯ್ಯಕೂಡದು. ನಾನು ಪೂರ್ತಿ ಓದಿದೆ. "ಓದಿದ್ದೇನೆ" ಎಂದು ಬರೆದು ಅದರ ಕೆಳಗೆ ರುಜು ಮಾಡಿದೆ. ಪಾಲಿಸುತ್ತೇನೆ ಎಂದು ಬರೆಯಲಿಲ್ಲ.

ಮಧ್ಯಾಹ್ನ ಎರಡಾಯಿತು. ಶಾಲೆಯ ಹಿಂದೆಯೇ ಒಂದು ದೊಡ್ಡ ಬಂಡೆಗುಡ್ಡವಿತ್ತು. ಅದರ ಬುಡದಲ್ಲಿ ತಂಗಡಿ ಗಿಡ ಹೂ ಬಿಟ್ಟಿತ್ತು. ನನ್ನ ತರಗತಿಯ ಮಕ್ಕಳು ಹೊಸ ಟೀಚರಮ್ಮ ಏನು ಹೇಳುತ್ತಾಳೋ ಎಂದು ಕೈಕಟ್ಟಿ ಕೂತಿದ್ದರು.

"ಎದ್ದೇಳಿ," ಎಂದೆ.